ತಂಗುದಾಣ, ಆಶ್ರಮ, ಬಾಡಿಗೆ ಮನೆ: ಮೂರೂ ಕಡೆ ಇದ್ದು ನೋಡಿದ ಮೇಲೆ

ಹೋಟೆಲ್ ಕೆಲಸದವರಿಗೆ ಕೆಲಸ ಹೋದರೆ ಸೂರೂ ಹೋಗುತ್ತದೆ. ನಾವು ಮಲಗುವುದು ಹೋಟೆಲ್ ಮೇಲಿನ ರೂಮಿನಲ್ಲೇ ಅಲ್ವಾ? ಕಾಲು ಮುರಿದಾಗ ನನಗೂ ಹೀಗೇ ಆಯಿತು. ಹದಿನಾಲ್ಕು ವರ್ಷ ದೋಸೆ ಕಾವಲಿ ಮುಂದೆ ನಿಂತವನು, ಒಂದು ಬ್ಯಾಗ್ ಹಿಡಿದು ಮೆಜೆಸ್ಟಿಕ್‌ನಲ್ಲಿ ಕೂತಿದ್ದೆ. ಅಲ್ಲಿಂದ ಮೊದಲು ಮನೆಯಿಲ್ಲದವರಿಗೆ ಅಂತ ಇರುವ ರಾತ್ರಿ ತಂಗುದಾಣ, ಆಮೇಲೆ ನಿರ್ಗತಿಕರ ಒಂದು ದೊಡ್ಡ ಆಶ್ರಮ, ಈಗ ಐದು ಜನ ಸೇರಿ ಇರುವ ಬಾಡಿಗೆ ಮನೆ.

ತಂಗುದಾಣದ ದೊಡ್ಡ ಗುಣ ಅಂದರೆ ಅದು ಇವತ್ತು ರಾತ್ರಿಗೇ ಸಿಗುತ್ತದೆ. ದುಡ್ಡು ಕೇಳಲಿಲ್ಲ, ಹೆಚ್ಚು ಪ್ರಶ್ನೆಯನ್ನೂ ಕೇಳಲಿಲ್ಲ. ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೆ ಒಂದರಂತೆ ತಂಗುದಾಣ ಇರಬೇಕು, ಹಗಲೂ ರಾತ್ರಿ ತೆರೆದಿರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. 2013ರಲ್ಲಿ ಬಂದ ಕೇಂದ್ರದ ಯೋಜನೆ ಒಬ್ಬರಿಗೆ 50 ಚದರ ಅಡಿ ಜಾಗ ಕೊಡಿ ಎಂದಿತ್ತು. ನಾನಿದ್ದ ಕಡೆ ಚಾಪೆಗೆ ಚಾಪೆ ತಾಗುತ್ತಿತ್ತು. ಬೆಳಗ್ಗೆ ಏಳಕ್ಕೆ ಎಬ್ಬಿಸಿ ಹೊರಗೆ ಕಳಿಸುತ್ತಿದ್ದರು. ಮುರಿದ ಕಾಲು ಇಟ್ಟುಕೊಂಡು ಸಂಜೆವರೆಗೆ ಎಲ್ಲಿಗೆ ಹೋಗಲಿ? ಚಪ್ಪಲಿ ಕಳುವಾಗದಿರಲಿ ಎಂದು ತಲೆ ಕೆಳಗೆ ಇಟ್ಟು ಮಲಗುತ್ತಿದ್ದೆ.

ಆಶ್ರಮದಲ್ಲಿ ನನ್ನ ಕಾಲು ವಾಸಿಯಾಯಿತು. ಅದನ್ನು ಮರೆಯಲಾರೆ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಶುಚಿಯಾದ ಹಾಸಿಗೆ. ಆದರೆ ಏಳಲು ಗಂಟೆ, ಉಣ್ಣಲು ಗಂಟೆ, ಗೇಟು ದಾಟಲು ಚೀಟಿ. ಯಾರದೋ ಮಗುವಿನ ಹುಟ್ಟುಹಬ್ಬಕ್ಕೆ ದಾನಿಗಳು ಬಂದು ಬಡಿಸುವಾಗ ತಟ್ಟೆ ಹಿಡಿದು ಫೋಟೋಗೆ ನಿಲ್ಲಬೇಕಿತ್ತು. ಅವರು ಒಳ್ಳೆಯವರೇ. ಆದರೂ ಆ ಪಾಯಸ ನನಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬಾಡಿಗೆ ಮನೆ ಸಿಕ್ಕಿದ್ದು ಒಂದು ಸಣ್ಣ ಸಂಸ್ಥೆಯಿಂದ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ನಮ್ಮಂಥವರು ಎಲ್ಲಿಂದ ತರುವುದು? ಅದನ್ನು ಅವರೇ ಕಟ್ಟಿದರು. ಮೊದಲ ಆರು ತಿಂಗಳ ಬಾಡಿಗೆಯೂ ಅವರದೇ. ಈಗ ದುಡಿಯುವವರು ದುಡಿದಷ್ಟು ಹಾಕುತ್ತೇವೆ. ವಾರಕ್ಕೆರಡು ಸಲ ಒಬ್ಬರು ಬಂದು ಬ್ಯಾಂಕು, ಆಸ್ಪತ್ರೆ, ಆಧಾರ್ ವಿಳಾಸ, ನಮ್ಮ ಜಗಳ ಎಲ್ಲ ನೋಡಿಕೊಳ್ಳುತ್ತಾರೆ.

ಜಗಳ ಇದ್ದದ್ದೇ. ಸಿಲಿಂಡರ್ ಬೇಗ ಖಾಲಿಯಾದರೆ ಒಂದು ದಿನ ಮಾತೇ ಇರುವುದಿಲ್ಲ. ನಮ್ಮಲ್ಲೊಬ್ಬ ಮೊದಲ ತಿಂಗಳೇ ಕುಡಿದು ಮತ್ತೆ ಮೆಜೆಸ್ಟಿಕ್‌ಗೆ ಹೋಗಿಬಿಟ್ಟ. ಕುಡಿತ ಬಿಟ್ಟರೆ ಮಾತ್ರ ಮನೆ ಅಂತ ಯಾರೂ ಹೇಳಲಿಲ್ಲ. ಅವನ ಹಾಸಿಗೆ ಹಾಗೇ ಇಟ್ಟಿದ್ದರು, ಹನ್ನೊಂದನೇ ದಿನ ಬಂದ. ಮೊದಲು ಮನೆ, ಉಳಿದದ್ದು ಆಮೇಲೆ ಎಂಬ ಈ ದಾರಿ 1992ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾಯಿತಂತೆ. ಫಿನ್‌ಲ್ಯಾಂಡ್ 2008ರಿಂದ ಇಡೀ ದೇಶಕ್ಕೇ ಇದನ್ನು ಹಿಡಿಯಿತು. ನಮಗೆ ಹತ್ತಿರದ್ದು ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆಯ ‘ಹೋಮ್ ಅಗೇನ್’. ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದವರು 2015ರಿಂದ ಅಲ್ಲಿ ನಾಲ್ಕೈದು ಜನ ಸೇರಿ, ಎಲ್ಲರಂತೆ ಬೀದಿಯೊಂದರ ಮನೆಯಲ್ಲಿ ಬದುಕುತ್ತಿದ್ದಾರೆ.

ನನಗೆ ವ್ಯತ್ಯಾಸ ಗೊತ್ತಾಗಿದ್ದು ಒಂದು ಸಂಜೆ. ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಬಂದು, “ಸ್ವಲ್ಪ ಹೆಪ್ಪು ಇದೆಯಾ?” ಎಂದರು. ಅಷ್ಟು ದಿನ ಎಲ್ಲ ಕಡೆ ಕೈ ಚಾಚಿದವನು ನಾನು. ತಂಗುದಾಣದಲ್ಲಾಗಲಿ ಆಶ್ರಮದಲ್ಲಾಗಲಿ ಯಾರಿಗೂ ಏನೂ ಕೊಡುವ ಹಾಗಿರಲಿಲ್ಲ, ಕೊಡಲು ನನ್ನದು ಅಂತ ಏನೂ ಇರಲಿಲ್ಲ. ಅವತ್ತು ಎರಡು ಚಮಚ ಮೊಸರು ಹಾಕಿ ಕೊಟ್ಟೆ. ಒಳಗೆ ಬಂದು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ಆದರೂ ತಂಗುದಾಣ ಬೇಡ ಎನ್ನಲಾರೆ. ಮಳೆಯಲ್ಲಿ ನೆನೆಯುತ್ತಿರುವವರಿಗೆ ಇವತ್ತು ಬೇಕಾದ್ದು ಅದೇ. ಹಾಸಿಗೆ ಹಿಡಿದವರಿಗೆ, ನೋಡಿಕೊಳ್ಳುವವರೇ ಇಲ್ಲದ ಮುದುಕರಿಗೆ ಆಶ್ರಮವೇ ಸರಿ. ಕೈಕಾಲು ಆಡುವವರನ್ನು ಮಾತ್ರ ವರ್ಷಗಟ್ಟಲೆ ಅಲ್ಲಿ ಕೂರಿಸಬೇಡಿ. ಮನೆ ಕೊಡಿ, ಜೊತೆಗೆ ವಿಚಾರಿಸಲು ಒಬ್ಬರನ್ನು ಕೊಡಿ.

ಕಷ್ಟ ಇರುವುದು ಓನರ್‌ಗಳನ್ನು ಒಪ್ಪಿಸುವುದರಲ್ಲಿ. ಐದು ಗಂಡಸರು, ಸಂಬಂಧವೂ ಇಲ್ಲ ಅಂದರೆ ಬಾಗಿಲು ಹಾಕಿಬಿಡುತ್ತಾರೆ. ನಮಗೆ ಒಂಬತ್ತು ಮನೆ ತಪ್ಪಿದ ಮೇಲೆ ಇದು ಸಿಕ್ಕಿತು. ಹೋದ ತಿಂಗಳು ಮೇಲಿನ ಮನೆ ಖಾಲಿಯಾದಾಗ ಓನರ್ ಅಮ್ಮ ಬೋರ್ಡ್ ಹಾಕಲೇ ಇಲ್ಲ, ಸಂಸ್ಥೆಗೇ ಫೋನ್ ಮಾಡಿದರು.