ಮಣಿಕಟ್ಟಿನ ಮೂಳೆಗೆ ಒಪ್ಪುವ ಬೆಳ್ಳಿ ಕಡಗ

ನಮ್ಮ ಕಡಗಗಳಿಗೆ ಎಡಗೈ, ಬಲಗೈ ಎಂಬ ಭೇದವಿಲ್ಲ. ಎಲ್ಸಾ ಪೆರೆಟ್ಟಿ ವಿನ್ಯಾಸಗೊಳಿಸಿದ, ಅಮೆರಿಕದ ಆಭರಣ ಸಂಸ್ಥೆ ಟಿಫಾನಿ ಮಾರುವ ‘ಬೋನ್ ಕಫ್’ (ಮೂಳೆ ಕಡಗ)ಗೆ ಆ ಭೇದ ಇದೆ. ಮಣಿಕಟ್ಟಿನ ಹೊರಬದಿಯಲ್ಲಿ ಎದ್ದು ಕಾಣುವ ಮೂಳೆಯ ಗಂಟನ್ನು ಅನುಸರಿಸಿ ಬೆಳ್ಳಿಯನ್ನು ಉಬ್ಬಿಸಿರುವುದರಿಂದ, ಒಂದು ಕೈಯದನ್ನು ಇನ್ನೊಂದಕ್ಕೆ ತೊಟ್ಟರೆ ಉಬ್ಬು ತಪ್ಪು ಬದಿಗೆ ಬರುತ್ತದೆ.

1940ರಲ್ಲಿ ಫ್ಲಾರೆನ್ಸ್‌ನಲ್ಲಿ ಹುಟ್ಟಿದ ಪೆರೆಟ್ಟಿ ಓದಿದ್ದು ಒಳಾಂಗಣ ವಿನ್ಯಾಸ. ಆಮೇಲೆ ಬಾರ್ಸಿಲೋನಾ ಮತ್ತು ನ್ಯೂಯಾರ್ಕ್‌ನಲ್ಲಿ ರೂಪದರ್ಶಿಯಾಗಿದ್ದು, 1974ರಲ್ಲಿ ಟಿಫಾನಿ ಸೇರಿದರು. ಈ ಕಡಗದ ಮೂಲ ಮಾತ್ರ ಇನ್ನೂ ಹಿಂದಿನದು. ರೋಮ್‌ನಲ್ಲಿ ಕಪುಚಿನ್ ಸನ್ಯಾಸಿಗಳ ಚರ್ಚೊಂದರ ನೆಲಮಾಳಿಗೆಯ ಗೋಡೆ, ಚಾವಣಿಗಳನ್ನು ಸಾವಿರಾರು ಸನ್ಯಾಸಿಗಳ ಮೂಳೆಗಳಿಂದಲೇ ಅಲಂಕರಿಸಿದ್ದಾರೆ. ಬಾಲ್ಯದಲ್ಲಿ ಅಲ್ಲಿಂದ ಮೂಳೆಯನ್ನು ಕದ್ದು ತಂದದ್ದನ್ನೂ, ತಾಯಿ ಅದನ್ನು ಹಿಂದಿರುಗಿಸಲು ಕಳುಹಿಸಿದ್ದನ್ನೂ ಪೆರೆಟ್ಟಿಯೇ ಹೇಳಿಕೊಂಡಿದ್ದರು. (ನಮ್ಮ ಮನೆಗಳಲ್ಲಾಗಿದ್ದರೆ ಮೊದಲು ತಲೆಗೆ ಸ್ನಾನ ಮಾಡಿಸುತ್ತಿದ್ದರು.) ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿ ಕಟ್ಟಿದ ಕಾಸಾ ಮಿಲಾ ಎಂಬ ಕಟ್ಟಡದ ಅಲೆಯಂತಹ ಕಲ್ಲಿನ ಗೋಡೆಗಳು ಆ ನೆನಪಿಗೆ ರೂಪ ಕೊಟ್ಟವು.

ಕಡಗದಲ್ಲಿ ಹರಳಿಲ್ಲ, ಕೆತ್ತನೆಯಿಲ್ಲ. ಬೆಳಕು ಮಾತ್ರ ಉಬ್ಬಿನ ಮೇಲೆ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ನುಣುಪಾದ ಮೈಯಾದ್ದರಿಂದ ಸಣ್ಣ ಗೀರೂ ಕಾಣುತ್ತದೆ, ತುಂಬುತೋಳಿನ ಅಂಗಿಯೊಳಗೆ ಅದು ಹಿಡಿಸದು, ಬೆಲೆಯನ್ನು ಬೆಳ್ಳಿಯ ತೂಕದಿಂದ ಲೆಕ್ಕಹಾಕಲು ಹೊರಟವರಿಗಂತೂ ಸಮಾಧಾನವಾಗದು. ಆದರೂ ಪೆರೆಟ್ಟಿಯವರ ಹೆಚ್ಚು ಜನಪ್ರಿಯವಾದ ‘ಓಪನ್ ಹಾರ್ಟ್’ ಪದಕಕ್ಕಿಂತ ಇದನ್ನೇ ನಾನು ಮೇಲಿಡುತ್ತೇನೆ: ಪದಕ ಯಾರ ಕೊರಳಿನಲ್ಲೂ ಒಂದೇ, ಕಡಗಕ್ಕೆ ಮಾತ್ರ ತೊಟ್ಟವರ ಕೈಯೇ ಬೇಕು.