ಹಳೇ ಹೈಟ್ ಗೇಜ್ ತಗೊಳ್ಳೋ ಮುಂಚೆ ಸ್ಕ್ರೈಬರ್ ತಿರುಗಿಸಿ ನೋಡಿ

300 ಎಂಎಂ ವರ್ನಿಯರ್ ಹೈಟ್ ಗೇಜ್ (ಎತ್ತರ ಅಳೆದು ಜಾಬ್ ಮೇಲೆ, ಅಂದ್ರೆ ಕೆಲಸದ ತುಂಡಿನ ಮೇಲೆ, ಗೆರೆ ಎಳೆಯೋ ಸಾಧನ), ಲೀಸ್ಟ್ ಕೌಂಟ್, ಅಂದ್ರೆ ಓದಬಹುದಾದ ಅತಿ ಸಣ್ಣ ಅಳತೆ, 0.02 ಎಂಎಂ. "ಒಳ್ಳೇ ಕಂಡೀಷನ್, ಇವತ್ತೇ ಕೆಲಸಕ್ಕೆ ಹಚ್ಚಬಹುದು" ಅಂತ ಮಾರಿದ್ದು. ಫೋಟೋದಲ್ಲಿ ಬೇಸ್ ಫಳಫಳ, ಸ್ಕೇಲಿನ ಗೆರೆಗಳು ಚೊಕ್ಕ. ಆದ್ರೆ ಗಮನಿಸಿ, ಒಂದು ಫೋಟೋದಲ್ಲೂ ಸ್ಲೈಡರ್ (ಸ್ಕ್ರೈಬರ್ ಅನ್ನೋ ಗೆರೆ ಎಳೆಯೋ ಚೂಪು ತುಂಡನ್ನ ಹಿಡಿದು, ಸ್ಕೇಲಿನ ಕಂಬದ ಮೇಲೆ ಜಾರೋ ಭಾಗ) ಕೆಳಗಿಲ್ಲ. ಎಲ್ಲದರಲ್ಲೂ 150–200ರ ಹತ್ತಿರ. ಬೇಕಂತಲೇ ಮಾಡಿದ್ದು ಅದು. ಸೊನ್ನೆಗೆ ಇಳಿಸಿದ್ರೆ ಬಣ್ಣ ಬಯಲಾಗುತ್ತಲ್ಲ!

ಬೇಸಿನ ತಳ ಒರೆಸಿ, ಬರ್ (ಲೋಹದ ಸಣ್ಣ ಚೂಪು ಉಬ್ಬು) ಇದ್ರೆ ಹೋಗ್ಲಿ ಅಂತ ಆಯಿಲ್ ಸ್ಟೋನ್ ಹಗುರವಾಗಿ ಆಡಿಸಿ, ಸರ್ಫೇಸ್ ಪ್ಲೇಟ್ (ಅಳತೆಗೆ ಆಧಾರವಾದ ಪೂರಾ ಸಮತಟ್ಟಾದ ಫಲಕ) ಮೇಲೆ ಕೂರಿಸಿದ್ದಾಯ್ತು. ಮೂಲೆ ಒತ್ತಿದ್ರೆ ಅಲುಗಾಟ ಇಲ್ಲ. ಸ್ಕ್ರೈಬರ್ ಇಳಿಸಿ ಪ್ಲೇಟಿಗೆ ತಾಗಿಸಿದ್ರೆ ವರ್ನಿಯರಿನ (ಸ್ಲೈಡರ್ ಮೇಲಿನ ಸಣ್ಣ ಸ್ಕೇಲಿನ) ಸೊನ್ನೆ ಮೇನ್ ಸ್ಕೇಲಿನ ಸೊನ್ನೆ ದಾಟಿ ಕೆಳಗೆ ಹೋಗಿ ನಿಲ್ತು. ಎರಡೂ ಸ್ಕೇಲಿನ ಗೆರೆ ಕೂಡಿದ್ದು 0.66ರಲ್ಲಿ. 1ರಲ್ಲಿ ಅದನ್ನ ಕಳೆದ್ರೆ, ಸೊನ್ನೆಗಿಂತ 0.34 ಕೆಳಗೆ.

ಸ್ಕ್ರೈಬರ್ ಬಿಚ್ಚಿ ತಿರುಗಿಸಿದ್ರೆ, ತಳದ ಮುಖದ ತುಂಬಾ ಗ್ರೈಂಡರಿನ ಒರಟು ಗೀರುಗಳು! ತಳಕ್ಕೆ ಗ್ರೈಂಡಿಂಗ್ ಹಿಡಿದಿದ್ದಾರೆ. ಈ ಕೆಲಸ ಮಾಡೋರಿಗೆ ಹೇಳಬೇಕಾಗಿಲ್ಲ, ಆದ್ರೂ ಹೇಳ್ತೀನಿ: ಆ ತಳದ ಮುಖವೇ ಅಳತೆಯ ಆಧಾರ. ಧಾರ ಹಾಕೋದು ಮೇಲಿನ ಇಳಿಜಾರು ಮುಖಕ್ಕೆ ಮಾತ್ರ. ತಳ ಸವೆಸಿದಷ್ಟೂ ಸೊನ್ನೆ ಕೆಳಗೆ ಜಾರುತ್ತೆ.

ಫೋಟೋ ತೆಗೆದು ಕಳಿಸಿದ್ದಕ್ಕೆ ಮಾರಿದವರಿಂದ ಬಂದ ಉತ್ತರ: "ಧಾರ ಹಾಕ್ಸಿ ಕೊಟ್ಟಿದ್ದೀನಿ ಸರ್, ನೀವೇ ಥ್ಯಾಂಕ್ಸ್ ಹೇಳ್ಬೇಕು."

ಥ್ಯಾಂಕ್ಸ್ ಬೇರೆ!

ಆಮೇಲೆ, "0.34 ಕೂಡಿಸ್ಕೊಂಡ್ರೆ ಆಯ್ತಲ್ಲ ಸರ್." ಕೂಡಿಸಿ ಸರಿಹೋಗೋ ಹಾಗಿದ್ರೆ ಇಷ್ಟು ಬರೀತಾನೇ ಇರಲಿಲ್ಲ. ಗ್ರೈಂಡಿಂಗ್ ಓರೆಯಾಗಿದೆ, ಹಿಂದಿನ ಭಾಗಕ್ಕಿಂತ ಮೂತಿ (ಗೆರೆ ಎಳೆಯೋ ತುದಿ) ಹೆಚ್ಚು ಸವೆದಿದೆ. ಹಾಗಾಗಿ ಪ್ಲೇಟ್ ಮೇಲೆ ಮೊದಲು ತಾಗೋದು ಹಿಂಭಾಗ. ಅದೇ 50 ಎಂಎಂ ಸ್ಲಿಪ್ ಗೇಜ್ (ನಿಖರ ಅಳತೆಯ ತುಂಡು) ಮೇಲೆ ಮೂತಿ ಮಾತ್ರ ಕೂರಿಸಿದ್ರೆ 49.58 ತೋರಿಸ್ತಿದೆ. ಅಲ್ಲಿ 0.34, ಇಲ್ಲಿ 0.42. ಯಾವುದನ್ನ ಕೂಡಿಸ್ಬೇಕಂತೆ? ಜಾಬ್ ಮೇಲೆ ಗೆರೆ ಎಳೆಯೋದು ಮೂತಿ ತಾನೇ? ಪ್ಲೇಟ್ ಮೇಲೆ ಸಿಕ್ಕ 0.34 ನಂಬಿ, ಅದನ್ನ ಕೂಡಿಸಿ ಮಾರ್ಕಿಂಗ್ ಮಾಡಿದ್ರೆ ಪ್ರತಿ ಗೆರೆಯೂ 0.08 ಮೇಲೆ ಬೀಳುತ್ತೆ.

ಇದಕ್ಕೆ ಉತ್ತರ: "ನಿಮ್ ಪ್ಲೇಟೇ ಸರಿ ಇಲ್ವೇನೋ ಚೆಕ್ ಮಾಡಿ."

ಇಷ್ಟಕ್ಕೇ ಮುಗೀಲಿಲ್ಲ. ಸ್ಕ್ರೈಬರ್ ಮೂತಿಗೆ ಲಿವರ್ ಡಯಲ್ (ಸಣ್ಣ ಚಲನೆಯನ್ನ ಮುಳ್ಳಿನಲ್ಲಿ ತೋರಿಸೋ ಗೇಜ್) ತಾಗಿಸಿ ಸ್ಲೈಡರ್ ಲಾಕ್ ಬಿಗಿ ಮಾಡಿದ್ರೆ ಮುಳ್ಳು 0.06 ಓಡ್ತು. ಗಿಬ್ (ಸ್ಲೈಡರ್ ಅಲುಗದಂತೆ ಹಿಡಿಯೋ ಪಟ್ಟಿ) ಸವೆದು ಸ್ಲೈಡರಿಗೆ ಆಟ ಬಂದಿದೆ. ಸಡಿಲ ಇದ್ದಾಗ ತೋಳು ಮುಂದಕ್ಕೆ ಜೋಲುತ್ತೆ, ಬಿಗಿ ಮಾಡಿದಾಗ ಎದ್ದುಕೊಳ್ಳುತ್ತೆ. ಸ್ಕ್ರೈಬರ್ ಎಷ್ಟು ಉದ್ದ ಚಾಚಿದ್ರೆ ಈ ತಪ್ಪು ಅಷ್ಟು ದೊಡ್ಡದು. ಮೇಲಿನ ಫೈನ್ ಅಡ್ಜಸ್ಟ್‌ಮೆಂಟ್ ಲಾಕ್ ಬಿಗಿ ಮಾಡಿ, ನಟ್ ತಿರುಗಿಸಿ ಅಳತೆಗೆ ತಂದು, ಕೊನೆಗೆ ಸ್ಲೈಡರ್ ಲಾಕ್ ಹಾಕೋದು ಕ್ರಮ ತಾನೇ? ಆ ಕೊನೇ ಲಾಕಲ್ಲೇ ಅಳತೆ ಹಾಳು. ಇದಕ್ಕೂ ಉತ್ತರ ಇದೆ: "ಲಾಕ್ ಹಾಕ್ಬೇಡಿ ಸರ್, ಕೈಯಲ್ಲಿ ಹಿಡ್ಕೊಳ್ಳಿ." ಹೈಟ್ ಗೇಜನ್ನ ಕೈಯಲ್ಲಿ ಹಿಡ್ಕೊಂಡು ಮಾರ್ಕಿಂಗ್ ಮಾಡ್ಬೇಕಂತೆ!

ತಗೊಳ್ಳೋರು ದಯವಿಟ್ಟು ಸ್ಕ್ರೈಬರಿನ ತಳದ ಫೋಟೋ ಕೇಳಿ. ಪ್ಲೇಟಿಗೆ ತಾಗಿಸಿ ಸೊನ್ನೆ ತೋರಿಸೋ ವಿಡಿಯೋ ಕೇಳಿ, ಲಾಕ್ ಹಾಕೋದೂ ಅದರಲ್ಲೇ ಕಾಣ್ಬೇಕು. ಎರಡು ಎತ್ತರದಲ್ಲಿ ಸ್ಲಿಪ್ ಇಟ್ಟು ಓದಿಸಿ. ಎರಡೂ ಕಡೆ ಒಂದೇ ವ್ಯತ್ಯಾಸ ಬಂದ್ರೆ ಅದು ಸೊನ್ನೆಯ ತಪ್ಪು. ಮೇನ್ ಸ್ಕೇಲ್ ಸರಿಸೋ ಮಾದರಿಯಾದ್ರೆ ಸ್ಕೇಲ್ ಸರಿಸಿ ಸೊನ್ನೆ ಕೂರಿಸಬಹುದು, ಹೆದರಬೇಡಿ. ಎತ್ತರ ಹೆಚ್ಚಿದ ಹಾಗೆ ವ್ಯತ್ಯಾಸ ಬದಲಾಗ್ತಾ ಹೋದ್ರೆ ಬೀಮ್ (ಸ್ಕೇಲಿರೋ ಕಂಬ) ಬಾಗಿರಬಹುದು, ಅಂಥದ್ದನ್ನ ಮುಟ್ಟಲೇಬೇಡಿ. "ಆಮೇಲೆ ಬೇರೆ ಸ್ಕ್ರೈಬರ್ ಹಾಕ್ಕೊಳ್ಳಿ" ಅಂದ್ರೂ ಒಪ್ಪಬೇಡಿ. ಸ್ಕೇಲ್ ಸರಿಸೋಕಾಗದ ಗೇಜಿಗೆ ಅದರದ್ದೇ ಅಳತೆಯ ಸ್ಕ್ರೈಬರ್ ಬೇಕು, ಸಿಕ್ಕಿದ್ದನ್ನ ಹಾಕಿದ್ರೆ ಸೊನ್ನೆ ಮತ್ತೆ ಎಲ್ಲೋ ಇರುತ್ತೆ.

ವಾಪಸ್ ತಗೋತೀರಾ ಅಂತ ಕೇಳಿದ್ದಕ್ಕೆ ಬಂದಿದ್ದು: "ಹಳೇ ಮಾಲಿಗೆ ಗ್ಯಾರಂಟಿ ಇರಲ್ಲ ಸರ್." ಅಲ್ಲಿಂದೀಚೆಗೆ ಮೆಸೇಜ್ ನೋಡ್ತಾರೆ, ಉತ್ತರ ಮಾತ್ರ ಇಲ್ಲ.