ಪ್ಯೂರಿಫಿಕೇಶನ್ನಾ, ಮೆಟ್ಸಾ? ನೂರು ಸ್ಪಿನ್‌ಗಳ ಸರಪಳಿ ಮೇಲೆ ಎರಡನ್ನೂ ಓಡಿಸಿ ನೋಡಿದೆ

ನನಗೆ ಬೇಕಿದ್ದದ್ದು ಇಷ್ಟೇ: ನೂರು ಸ್ಪಿನ್‌ಗಳ ಹೈಸನ್‌ಬರ್ಗ್ ಸರಪಳಿಗೆ (ಪಕ್ಕದ್ದರ ಜೊತೆ ಜೋಡಿಕೊಂಡು ಸಾಲಾಗಿ ನಿಂತ ಪುಟ್ಟ ಕ್ವಾಂಟಮ್ ಅಯಸ್ಕಾಂತಗಳು) ಬೇರೆ ಬೇರೆ ತಾಪಮಾನದಲ್ಲಿ ಕಾಂತೀಯ ಸಸೆಪ್ಟಿಬಿಲಿಟಿ, ಅಂದರೆ ಹೊರಗಿನ ಕಾಂತಕ್ಷೇತ್ರಕ್ಕೆ ಅದು ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ; ಒಟ್ಟು ಸ್ಪಿನ್‌ನ ಏರಿಳಿತದಿಂದ ಅದು ಸಿಗುತ್ತದೆ. ಮ್ಯಾಟ್ರಿಕ್ಸ್ ಬರೆದು ನೇರವಾಗಿ ಬಿಡಿಸೋಣ ಅಂದ್ರೆ 16 ಸ್ಪಿನ್‌ಗೇ ಪೂರ್ತಿ ಮ್ಯಾಟ್ರಿಕ್ಸ್ 34 ಜಿಬಿ ಮೆಮೊರಿ ಕೇಳುತ್ತದೆ. ಹಾಗಾಗಿ ಟೆನ್ಸರ್ ನೆಟ್‌ವರ್ಕ್‌ನ (ದೊಡ್ಡ ಕ್ವಾಂಟಮ್ ಸ್ಥಿತಿಯನ್ನು ಚಿಕ್ಕ ಚಿಕ್ಕ ಕೋಷ್ಟಕಗಳ ಸರಣಿಯಾಗಿ ಬರೆಯುವ ವಿಧಾನ) ಎರಡು ದಾರಿ ಹಿಡಿದೆ: ಪ್ಯೂರಿಫಿಕೇಶನ್ ಮತ್ತು ಮೆಟ್ಸ್.

ಪ್ಯೂರಿಫಿಕೇಶನ್‌ನಲ್ಲಿ ಪ್ರತಿ ಸ್ಪಿನ್‌ಗೂ ಒಂದು ಜೊತೆ ಸ್ಪಿನ್ ಕಟ್ಟಿ, ಬೀಟಾದ (ತಾಪಮಾನದ ವಿಲೋಮ) ಅರ್ಧದವರೆಗೆ ಕಾಲ್ಪನಿಕ ಕಾಲದಲ್ಲಿ, ಅಂದರೆ ಸ್ಥಿತಿಯನ್ನು ಮೆಲ್ಲಗೆ ತಣ್ಣಗಾಗಿಸುವ ಗಣಿತದ ಹೆಜ್ಜೆಗಳಲ್ಲಿ, ನಡೆಸುತ್ತೇವೆ. ಒಂದೇ ಓಟ, ದಾರಿಯಲ್ಲಿ ಸಿಗುವ ಎಲ್ಲ ತಾಪಮಾನದ ಉತ್ತರವೂ ಕೈಗೆ ಬರುತ್ತದೆ, ಸ್ಯಾಂಪ್ಲಿಂಗ್ ದೋಷದ ತಲೆನೋವೇ ಇಲ್ಲ. ನನಗೆ ತುಂಬಾ ಹಿಡಿಸಿತು. ಆದರೆ ತಣ್ಣಗಾದಷ್ಟೂ ಬಾಂಡ್ ಡೈಮೆನ್ಶನ್ (ಆ ಕೋಷ್ಟಕಗಳ ಗಾತ್ರ) ಏರುತ್ತದೆ. ತೀರಾ ಕೆಳಗೆ ಹೋದರೆ ಅದು ಮೂಲಸ್ಥಿತಿಗೆ (ಅತಿ ಕಡಿಮೆ ಶಕ್ತಿಯ ಸ್ಥಿತಿ) ಬೇಕಾದದ್ದರ ಹೆಚ್ಚುಕಡಿಮೆ ವರ್ಗದಷ್ಟಾಗುತ್ತದೆ, ಲೆಕ್ಕದ ಖರ್ಚು ಅದರ ಘನದಷ್ಟು.

ಮೆಟ್ಸ್ (METTS, ಸ್ಯಾಂಪಲ್ ತೆಗೆದು ಸರಾಸರಿ ಮಾಡುವ ವಿಧಾನ) ಅನ್ನು ಭೌತವಿಜ್ಞಾನಿ ಸ್ಟೀವನ್ ವೈಟ್ 2009ರಲ್ಲಿ ಕೊಟ್ಟರು. ಸರಳ ಪ್ರಾಡಕ್ಟ್ ಸ್ಥಿತಿಯಿಂದ (ಪ್ರತಿ ಸ್ಪಿನ್‌ಗೂ ತನ್ನದೇ ಪ್ರತ್ಯೇಕ ದಿಕ್ಕು) ಶುರು, ಅಷ್ಟೇ ದೂರ ನಡಿಗೆ, ಬೇಕಾದದ್ದನ್ನು ಲೆಕ್ಕ ಹಾಕು, ಆಮೇಲೆ ಒಂದೊಂದೇ ಸ್ಪಿನ್ ಅಳೆದು ಮತ್ತೆ ಪ್ರಾಡಕ್ಟ್ ಸ್ಥಿತಿಗೆ ಇಳಿಸು. ಜೊತೆ ಸ್ಪಿನ್ ಬೇಡ, ಒಂದೊಂದು ಸ್ಯಾಂಪಲ್ಲೂ ಹಗುರ.

ಇಲ್ಲೇ ನಾನು ಎಡವಿದೆ. ಮೇಲೆ-ಕೆಳಗೆ-ಮೇಲೆ-ಕೆಳಗೆ ಸ್ಥಿತಿಯಿಂದ ಹೊರಟು ಪ್ರತಿ ಸಲ ಝಡ್ ದಿಕ್ಕಿನಲ್ಲೇ ಅಳೆದೆ. ಶಕ್ತಿ ಸರಿಯಾಗೇ ಕಾಣುತ್ತಿತ್ತು, ಸಸೆಪ್ಟಿಬಿಲಿಟಿ ಮಾತ್ರ ಎಲ್ಲ ತಾಪಮಾನದಲ್ಲೂ ಸೊನ್ನೆ! ಕೋಡ್ ತಪ್ಪೇನೋ ಅಂತ ಇಡೀ ದಿನ ಹುಡುಕಿದೆ. ಕೋಡ್ ಸರಿಯಿತ್ತು. ಹ್ಯಾಮಿಲ್ಟೋನಿಯನ್ (ಸರಪಳಿಯ ಶಕ್ತಿಯ ಸೂತ್ರ) ಝಡ್ ದಿಕ್ಕಿನ ಒಟ್ಟು ಸ್ಪಿನ್ ಬದಲಿಸುವುದಿಲ್ಲ, ನನ್ನ ಅಳತೆಯೂ ಬದಲಿಸುವುದಿಲ್ಲ, ಅಂದಮೇಲೆ ಎಷ್ಟು ಸಾವಿರ ಸ್ಯಾಂಪಲ್ ತೆಗೆದರೂ ಒಟ್ಟು ಸೊನ್ನೆಯಲ್ಲೇ ಕೂತಿರುತ್ತದೆ, ಏರಿಳಿತ ಎಲ್ಲಿಂದ ಬರಬೇಕು ಅಲ್ವಾ? ಒಂದು ಸಲ ಎಕ್ಸ್, ಒಂದು ಸಲ ಝಡ್ ಅಂತ ಅಳೆದ ಮೇಲೆ ತಾಪಮಾನ 0.64 ಜೆ (ಜೆ ಅಂದರೆ ನೆರೆಯ ಸ್ಪಿನ್‌ಗಳ ಜೋಡಣೆಯ ಬಲ) ಹತ್ತಿರದ ಶಿಖರ 0.147ರ ಆಸುಪಾಸಿಗೆ ಬಂತು. ಆದರೆ ಎಕ್ಸ್ ಅಳತೆ ತಂದ ಕೂಡಲೇ ಒಟ್ಟು ಸ್ಪಿನ್ ಬದಲಾಗದೇ ಇರುವುದರಿಂದ ಸಿಗುತ್ತಿದ್ದ ಬ್ಲಾಕ್ ಉಳಿತಾಯ (ಕೋಷ್ಟಕಗಳನ್ನು ಚಿಕ್ಕ ತುಂಡುಗಳಾಗಿ ಒಡೆದು ಉಳಿಸುವ ಲೆಕ್ಕ) ಕೈತಪ್ಪುತ್ತದೆ. ಪ್ಯೂರಿಫಿಕೇಶನ್‌ನಲ್ಲಿ ಅದನ್ನು ಹಾಗೇ ಇಟ್ಟುಕೊಳ್ಳಬಹುದು.

ಹಾಗಾಗಿ ಸರಪಳಿಗೆ ನನ್ನ ಆಯ್ಕೆ ಪ್ಯೂರಿಫಿಕೇಶನ್, ತೀರಾ ತಣ್ಣಗಿನ ಜಾಗ ಬಿಟ್ಟು. (ಬರೀ ಈ ಸರಪಳಿಯೇ ಸಾಕು ಅನ್ನುವವರಿಗೆ ಯಾದೃಚ್ಛಿಕ ಸ್ಯಾಂಪಲ್‌ಗಳ ಮೇಲೆ ನಡೆಯುವ ಕ್ವಾಂಟಮ್ ಮಾಂಟೆ ಕಾರ್ಲೋ ಇನ್ನೂ ಸುಲಭ, ಧನ-ಋಣ ತೂಕಗಳು ಒಂದನ್ನೊಂದು ಕಳೆದು ಉತ್ತರ ಹಾಳಾಗುವ ಸೈನ್ ಸಮಸ್ಯೆ ಇಲ್ಲಿ ಇಲ್ಲ.) ತ್ರಿಕೋನ ಜಾಲರಿಯಲ್ಲಿ ಆ ಸಮಸ್ಯೆ ಎದುರಾಗುತ್ತದೆ, ಅಗಲ ಸಿಲಿಂಡರ್‌ನಲ್ಲಿ (ಕೊಳವೆಯಾಗಿ ಸುತ್ತಿದ ಜಾಲರಿ) ಪ್ಯೂರಿಫಿಕೇಶನ್‌ಗೆ ಬೇಕಾದ ಬಾಂಡ್ ಡೈಮೆನ್ಶನ್ ಕೈಗೆ ಸಿಗುವುದಿಲ್ಲ. ಅಲ್ಲಿಗೆ ಈಗ ಮೆಟ್ಸ್ ಹಾಕಿದ್ದೇನೆ, ಮೊದಲ ಸ್ಯಾಂಪಲ್‌ನಿಂದಲೇ ಎರಡೂ ದಿಕ್ಕಿನಲ್ಲಿ ಅಳೆಯುತ್ತಾ.